ಒಂಬತ್ತನೆಯ ಹೆಸರು

ಮಾರ್ಚ್ 12, ಗುರುವಾರ

ಬೆಳಿಗ್ಗೆ ಏಳೂ ನಲವತ್ತಕ್ಕೆ ನಮ್ಮ ಬುಂಗಾಟಿನಿಂದ ಹೊರಟ ವಿಮಾನ ಇನ್ನೂ ಕರಾವಳಿಯ ಮಡಾಂಗ್ ತಲುಪಿಲ್ಲ. ಅರ್ಧ ಗಂಟೆಯ ದಾರಿ. ಈಗ ಸಂಜೆ ನಾಲ್ಕು.

ಎಂಟರಿಂದ ರೇಡಿಯೊ ಮುಂದೆಯೇ ಕೂತಿದ್ದೇನೆ. ಮಡಾಂಗ್ ಆಫೀಸಿನ ಬೆಟ್ಟಿ ಮೊದಲು ಹತ್ತು ನಿಮಿಷಕ್ಕೊಮ್ಮೆ ಕರೆಯುತ್ತಿದ್ದಳು, ಆಮೇಲೆ ಅರ್ಧ ಗಂಟೆಗೊಮ್ಮೆ. ದಿನಾ ನನ್ನನ್ನು ಗೇಲಿ ಮಾಡುವ ಹುಡುಗಿ, ಮಧ್ಯಾಹ್ನದ ಹೊತ್ತಿಗೆ ಅವಳ ದನಿಯೇ ಬೇರೆಯಾಗಿತ್ತು.

"ಮನಾಸೆ, ಎಲ್ಲಾದ್ರೂ ಸದ್ದು ಕೇಳಿಸ್ತಾ?"

"ಇಲ್ಲ ಬೆಟ್ಟಿ. ಕಣಿವೆ ಬಾಯಿ ಕಡೆ ತಿರುಗಿದ್ದು ನೋಡ್ದೆ, ಅಷ್ಟೇ."

"ಬೆಟ್ಟದ ಆಚೆ ತೊಮಾಂಗಲ್ಲಿ ಇಳಿದು ಕೂತಿರಬಹುದಾ?"

"ಹೋಗ್ತಾ ಅಲ್ಲಿ ಇಳಿಯೋದು ಇತ್ತು. ಅವರ ರೇಡಿಯೊ ಕೆಟ್ಟು ತಿಂಗಳಾಯ್ತಲ್ಲ, ಯಾರನ್ನ ಕೇಳೋದು?"

ನಾಳೆ ಯಾರಾದರೂ ಕೇಳಿದರೆ ತಡವರಿಸಬಾರದು ಅಂತ ಇಲ್ಲಿ ಬರೆದಿಡುತ್ತೇನೆ. ಹನ್ನೊಂದು ವರ್ಷದಿಂದ ಈ ಊರಿನ ವಿಮಾನದ ಏಜೆಂಟ್ ನಾನು. ಕಂಪನಿಯ ನೀಲಿ ಟೋಪಿ ಈ ಬೆಟ್ಟದ ಸಾಲಿನಲ್ಲಿ ಇರುವುದು ಮೂರೇ ತಲೆಗಳ ಮೇಲೆ, ಅದರಲ್ಲಿ ನನ್ನದೊಂದು. ಬೆಳಗಿನ ಕರೆಯಲ್ಲಿ ಮೋಡ ಸರಿದು ಕಣಿವೆ ಬಾಯಿ ಅರ್ಧ ತೆರೆದಿದೆ ಎಂದು ಹೇಳಿದೆ, ಅರ್ಧವೇ ತೆರೆದಿತ್ತು. ಕಾಫಿ ಮೂಟೆ ನಾಲ್ಕು, ತೂಗಿದ್ದು. ಪ್ರಯಾಣಿಕರನ್ನು ತೂಗಿ, ಹೆಸರು ಬರೆದು, ರೇಡಿಯೊದಲ್ಲಿ ಓದಿ, ಒಂದು ಪ್ರತಿ ಪೈಲಟಿನ ಕೈಗೆ ಕೊಟ್ಟೆ. ಎಂಟು ಹೆಸರು.

ಕೂತದ್ದು ಒಂಬತ್ತು ಜನ.

ಒಂಬತ್ತನೆಯವರು ನನ್ನ ಅತ್ತೆ, ಮಗಳು ಲಿಯಾಳ ಅಜ್ಜಿ. ಎಡಗಣ್ಣಿಗೆ ಪೊರೆ ಬಂದು ಮಡಾಂಗಿನ ಆಸ್ಪತ್ರೆಗೆ ಹೊರಟಿದ್ದರು. ಅತ್ತೆಯ ಹೆಸರನ್ನು ಅಳಿಯ ಬಾಯಲ್ಲಿ ಹೇಳಬಾರದು, ಕೈಯಲ್ಲಿ ಬರೆಯಬಾರದು. ಮುಖ ಎತ್ತಿ ನೋಡುವುದೂ ಇಲ್ಲ. ಆಕೆಯ ಹೆಸರಿನದೇ ಒಂದು ಬಾಳೆ ಇದೆ. ಹತ್ತೊಂಬತ್ತು ವರ್ಷದಿಂದ 'ಆ ಕೆಂಪನೆಯದು' ಎಂದು ಕೈ ತೋರಿಸಿ ತಿಂದಿದ್ದೇನೆ. ಆಕೆ ಪ್ರಯಾಣ ಹೊರಟಾಗಲೆಲ್ಲ ಶಾಲೆಯ ಸೈಲಾಸ್ ಮೇಷ್ಟ್ರು ಬಂದು ಆ ಒಂದು ಸಾಲು ಬರೆದು, ಓದಿ ಹೋಗುತ್ತಿದ್ದರು. ಇವತ್ತು ಮೇಷ್ಟ್ರು ಊರಲ್ಲಿರಲಿಲ್ಲ. ಹೆಂಡತಿಯನ್ನು ಕರೆಯೋಣವೆಂದರೆ ಅವಳು ವಿಮಾನ ಇಳಿಯುವ ಹುಲ್ಲು ಪಟ್ಟಿಯ ಆ ತುದಿಯಲ್ಲಿ ಹಂದಿ ಅಟ್ಟುತ್ತಿದ್ದಳು. ಬೆಟ್ಟಿ ಹೆಸರು ಓದು ಓದು ಅಂತ ಅವಸರ ಮಾಡುತ್ತಿದ್ದಳು, ಪೈಲಟ್ ಮೋಡ ನೋಡಿಕೊಂಡು ಕಾಲು ಕುಣಿಸುತ್ತಿದ್ದ. ಆಮೇಲೆ ಸೇರಿಸಿದರಾಯಿತು ಅಂದುಕೊಂಡೆ. ಅತ್ತೆಯನ್ನು ತಕ್ಕಡಿ ಮೇಲೆ ನಿಲ್ಲಿ ಎನ್ನುವುದಾದರೂ ಹೇಗೆ? ಬೆನ್ನಿಗೆ ತೂಗುಬಿಟ್ಟಿದ್ದ ಬಿಲುಮ್ ಚೀಲದ ತುಂಬ ಕೆಸುವಿನ ಗಡ್ಡೆ. ಮೂವತ್ತು ಕಿಲೋಗೆ ಕಡಿಮೆ ಇರಲಿಕ್ಕಿಲ್ಲ.

"ಎಲ್ಲಾ ಸರೀನಾ?" ಅಂದ ಪೈಲಟ್.

"ಸರಿ" ಅಂದೆ.

ನನ್ನ ಜಾಗದಲ್ಲಿ ಬುಂಗಾಟಿನ ಯಾವ ಅಳಿಯ ಇದ್ದರೂ ಇದನ್ನೇ ಮಾಡುತ್ತಿದ್ದ.

ಮಾರ್ಚ್ 13, ಶುಕ್ರವಾರ

ಬೆಳಿಗ್ಗೆಯಿಂದ ಮೋಡ ಕಾಲಡಿಗೇ ಇಳಿದಿದೆ. ಹೆಲಿಕಾಪ್ಟರ್ ಏಳಲಾಗಿಲ್ಲ. ವಿಮಾನ ಬಿದ್ದರೆ ತಾನೇ ಕೂಗಿ ಹೇಳುವ ಪೆಟ್ಟಿಗೆಯೊಂದು ಅದರೊಳಗೆ ಇರುತ್ತದಂತೆ. ಅದೂ ಕೂಗಿಲ್ಲ ಅಂದಳು ಬೆಟ್ಟಿ.

ಮಧ್ಯಾಹ್ನ ಪ್ರಾಂತ್ಯದ ವಾರ್ತೆಯಲ್ಲಿ ಕಾಣೆಯಾದ ಪ್ರಯಾಣಿಕರ ಹೆಸರು ಓದಿದರು. ಅರ್ಧ ಊರು ನಮ್ಮ ಅಂಗಳದಲ್ಲಿತ್ತು. ಒಂದೊಂದು ಹೆಸರಿಗೂ ಒಂದೊಂದು ಮನೆಯವರು ನೆಲಕ್ಕೆ ಕುಸಿದರು. ಎಂಟಾದವು. ಆಮೇಲೆ ಕೊಬ್ಬರಿ ದರ ಓದಿದರು.

ಹೆಂಡತಿ ಬಾಯಿಗೆ ಅಂಗೈ ಒತ್ತಿ ನಿಂತಿದ್ದವಳು ಕೈ ಇಳಿಸಿದಳು. "ಅಮ್ಮನ ಹೆಸರು ಓದ್ಲಿಲ್ಲ."

ನಾನು ರೇಡಿಯೊದ ದನಿ ತಗ್ಗಿಸಿದೆ.

"ಲಿಯಾ ಅಪ್ಪಾ, ನಿಮ್ಮನ್ನೇ ಕೇಳ್ತಿರೋದು. ಅಮ್ಮನ ಹೆಸರು ಯಾಕೆ ಓದ್ಲಿಲ್ಲ?"

ಅವಳ ಅಣ್ಣ, ನನ್ನ ಭಾವ, ಪಕ್ಕದಲ್ಲೇ ನಿಂತಿದ್ದ. ಕಾಣೆಯಾದವರ ಮನೆಯವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ನನ್ನ ತಲೆ ಮೇಲೆ ಟೋಪಿ ಇತ್ತು.

"ತೊಮಾಂಗಲ್ಲಿ ಇಳಿದಿರ್ತಾರೆ" ಅಂದೆ. "ತಂಗಿ ಮನೇಲಿ ಒಂದು ವಾರ ಇದ್ದು ಮುಂದಿನ ವಿಮಾನಕ್ಕೆ ಹೋಗ್ತೀನಿ ಅಂತ ಪೈಲಟಿಗೆ ಹೇಳ್ತಿದ್ದಿದ್ದು ಕೇಳಿಸ್ತು."

ಏನೂ ಕೇಳಿಸಿರಲಿಲ್ಲ.

ಹೆಂಡತಿ ಅಲ್ಲೇ ಕೂತು ನಗುತ್ತಾ ಅತ್ತಳು. ಎಂಟು ಮನೆಯ ಗೋಳಿನ ನಡುವೆ ನಮ್ಮ ಮನೆಯಲ್ಲಿ ಹಬ್ಬದಂತೆ ಅನ್ನ ಬೇಯಿಸಿ, ಮೀನಿನ ಡಬ್ಬಿ ಒಡೆದರು. ನನಗೆ ದೊಡ್ಡ ತುಂಡು ಹಾಕಿದಳು. ತಿಂದು ಮುಗಿಸಿದೆ. ಪೂರ್ತಿ ಸುಳ್ಳು ಅಂತಲೂ ಅಲ್ಲ, ತೊಮಾಂಗಿನಲ್ಲಿ ಆಕೆಯ ತಂಗಿ ಇರುವುದು ನಿಜ.

ಮಾರ್ಚ್ 14, ಶನಿವಾರ

ಹೆಲಿಕಾಪ್ಟರ್ ಬಂತು. ಬೆಳಗಿನಿಂದ ಕಣಿವೆ ಬಾಯಿಯ ಈಚೆ ಬದಿಯನ್ನು ಸುತ್ತಿ ಹತ್ತರ ಹೊತ್ತಿಗೆ ನಮ್ಮ ಪಟ್ಟಿಯ ಮೇಲೆ ಇಳಿಯಿತು. ಹುಡುಕಾಟದ ಮುಖ್ಯಸ್ಥ ಬಿಸಿಲಿಗೆ ಕೆಂಪಾದ ಕತ್ತಿನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲಿ ನನ್ನ ಎಂಟು ಹೆಸರಿನ ಪಟ್ಟಿ. ನಾನು ಬಾಯಿ ಬಿಡುವ ಮೊದಲೇ ಭಾವ ಮುಂದೆ ಹೋದ.

"ನಮ್ಮಮ್ಮ ತೊಮಾಂಗಲ್ಲಿ ಇಳಿದಿದ್ದಾರೆ ಸಾರ್. ಅಂದ್ರೆ ವಿಮಾನ ಈ ಬೆಟ್ಟ ದಾಟಿ ಅಲ್ಲಿಗೆ ಹೋಗಿದೆ ಅಂತಾಯ್ತಲ್ಲ?"

ಆತ ಪಟ್ಟಿ ನೋಡಿದ. "ತೊಮಾಂಗಿಗೆ ಇದರಲ್ಲಿ ಯಾರೂ ಇಲ್ವಲ್ಲ. ಏನ್ರೀ ಏಜೆಂಟ್?"

"ಕೊನೇ ಗಳಿಗೇಲಿ ಹತ್ತಿದ್ರು" ಅಂದೆ. ನೆಲ ನೋಡಿಕೊಂಡು ಅಂದೆ.

"ಹಾಗಾದ್ರೆ ನಾವು ಬೆಳಿಗ್ಗೆಯಿಂದ ಇಲ್ಲಿ ಸುತ್ತಿದ್ದು ದಂಡ. ಅವರ ಹೆಸರೇನು?"

ಭಾವ ತಾಯಿಯ ಹೆಸರು ಹೇಳಿದ. ಆತ ಬರೆದುಕೊಳ್ಳಲಿಲ್ಲ. ಬದುಕಿರುವವರ ಹೆಸರು ಅವನಿಗೆ ಯಾಕೆ?

ತೊಮಾಂಗಿನ ಮೇಲೆ ಮೋಡ ಮುಚ್ಚಳ ಹಾಕಿದೆ, ಅಲ್ಲಿ ಇಳಿದು ಕೇಳುವಂತಿಲ್ಲ. ಆಚೆಯ ಕರಾವಳಿ ಮಾತ್ರ ತಿಳಿಯಾಗಿದೆ, ಇನ್ನು ಅಲ್ಲೇ, ಸಮುದ್ರದ ಮೇಲೇ ಹುಡುಕುತ್ತೇವೆ ಎಂದು ಹೇಳಿ ಹಾರಿಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಮಾತು ಹೆಲಿಕಾಪ್ಟರ್ ಹತ್ತಿಕೊಂಡು ಹೋಯಿತು.

ಮಧ್ಯಾಹ್ನ ಭಾವ ಗೆಣಸು ಕಟ್ಟಿಸಿಕೊಂಡು ತೊಮಾಂಗಿಗೆ ನಡೆದೇ ಹೊರಟ. ಹೋಗಲು ಎರಡು ದಿನ, ಬರಲು ಎರಡು ದಿನ. "ಅಮ್ಮನಿಗೆ ಒಬ್ಬಳೇ ಬೇಜಾರಾಗಿರತ್ತೆ" ಅಂದ. ನನ್ನ ಹೆಗಲು ತಟ್ಟಿ, "ನೀನು ಕೇಳಿಸ್ಕೊಂಡಿದ್ದು ಒಳ್ಳೇದಾಯ್ತು ಭಾವ" ಅಂದ.

ನಿಲ್ಲು ಅನ್ನುವ ಮಾತು ಬಾಯಿಗೆ ಬಂತು. ಅವನು ನಿಲ್ಲಲಿಲ್ಲ, ನಾನು ಹೇಳಲಿಲ್ಲ.

ಮಾರ್ಚ್ 15, ಭಾನುವಾರ

ಚರ್ಚಿನಲ್ಲಿ ಎಂಟು ಜನರಿಗಾಗಿ ಪ್ರಾರ್ಥನೆ, ಉಳಿದ ಒಬ್ಬರಿಗಾಗಿ ಕೃತಜ್ಞತೆಯ ಸ್ತೋತ್ರ. ಸ್ತೋತ್ರವನ್ನು ಮನಾಸೆಯೇ ಹೇಳಲಿ ಅಂದರು ಪಾಸ್ಟರ್. ಎದ್ದು ನಿಂತು ಹೇಳಿದೆ. ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳು ಮೊದಲ ಸಾಲಿನಲ್ಲಿ ಕೂತು ಆಮೆನ್ ಅಂದಳು. ಹೇಸಿಗೆಯಾಯಿತು, ನನ್ನ ಮೇಲೆ ನನಗೆ.

ಮಾರ್ಚ್ 16, ಸೋಮವಾರ

ಬೆಳಗಿನ ಕರೆಯಲ್ಲಿ ಹೇಳಿಬಿಡೋಣ ಅಂತ ಕೂತೆ. ಗುಂಡಿ ಒತ್ತಿದೆ. ಈ ರೇಡಿಯೊದಲ್ಲಿ ಗುಟ್ಟು ಅನ್ನುವುದೇ ಇಲ್ಲ. ಒಬ್ಬ ಮಾತಾಡಿದರೆ ಮೂವತ್ತು ಊರಿನವರು ಕಿವಿ ಕೊಟ್ಟಿರುತ್ತಾರೆ, ಅವರ ಹೆಂಡಿರೂ ಒಲೆ ಪಕ್ಕದಿಂದ ಕೇಳುತ್ತಿರುತ್ತಾರೆ.

"ಬುಂಗಾಟ್, ಗುಂಡಿ ಒತ್ತಿಕೊಂಡಿದ್ದೀಯ. ಮಾತಾಡು" ಅಂದಳು ಬೆಟ್ಟಿ.

"ಕಣಿವೆ ಬಾಯಿ ಮುಚ್ಚಿದೆ" ಅಂದೆ.

"ಮತ್ತೇನಾದ್ರೂ?"

"ಏನಿಲ್ಲ."

ಇನ್ನೂ ನನ್ನ ಪರವಾಗಿ ನಾನೇ ವಾದಿಸುತ್ತಿದ್ದೇನೆ. ಬಿದ್ದಿದ್ದರೆ ಅವತ್ತೇ ಎಲ್ಲಾ ಮುಗಿದಿರುತ್ತದೆ, ಈಗ ಹೇಳಿ ಆಗುವುದೇನು ಅಂತ. ಊಟಕ್ಕೆ ಕೂತರೆ ಲಿಯಾ, "ಅಜ್ಜಿ ಕಣ್ಣು ಸರಿಹೋದ್ಮೇಲೆ ಅಪ್ಪನ್ನ ಮೊದಲ ಸಲ ಸರಿಯಾಗಿ ನೋಡ್ತಾಳೆ, ನಗ್ತಾಳೆ" ಅಂತ ಹಾಸ್ಯ ಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಟ್ಟೆ ಬಿಟ್ಟು ಎದ್ದೆ.

ಮಾರ್ಚ್ 17, ಮಂಗಳವಾರ

ಕಣಿವೆ ಬಾಯಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಪೂರ್ತಿ ತೆರೆದಿತ್ತು. ಇಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕಿದರೆ ಹೆಚ್ಚು. ಬೆಟ್ಟದ ಮೇಲಿನ ಒಂದೊಂದು ಮರವೂ ಕಾಣುತ್ತಿತ್ತು. ಈ ಕಡೆ ಒಂದು ವಿಮಾನವೂ ಬರಲಿಲ್ಲ, ಹೆಲಿಕಾಪ್ಟರೂ ಬರಲಿಲ್ಲ. ಎಲ್ಲರೂ ಸಮುದ್ರದ ಮೇಲಿದ್ದರು.

ಮಾರ್ಚ್ 18, ಬುಧವಾರ

ಮಧ್ಯಾಹ್ನ ಭಾವ ಬಂದ. ಒಬ್ಬನೇ ಬರುತ್ತಿರುವುದನ್ನು ಹೆಂಡತಿ ದೂರದಿಂದಲೇ ನೋಡಿ ಒಲೆ ಆರಿಸಿದಳು. ಅವನ ಕಾಲೆಲ್ಲ ಜಿಗಣೆ ಕಡಿದ ರಕ್ತ.

"ತೊಮಾಂಗಿಗೆ ಯಾವ ವಿಮಾನಾನೂ ಬಂದಿಲ್ಲ. ಅವತ್ತು ಸದ್ದೂ ಕೇಳಿಲ್ವಂತೆ" ಅಂದ. ಆಮೇಲೆ ನನ್ನನ್ನು ಕೇಳಿದ, "ಅಮ್ಮ ಪೈಲಟಿಗೆ ಹೇಳಿದ್ದು ನಿನಗೆ ನಿಜವಾಗ್ಲೂ ಕೇಳಿಸ್ತಾ ಭಾವ?"

ಕೋಪದಿಂದ ಕೇಳಿದ್ದರೆ ಜಗಳವಾಡುತ್ತಿದ್ದೆನೇನೋ. ಅವನು ತಣ್ಣಗೆ ಕೇಳಿದ. ನಾನು ಎದ್ದು ರೇಡಿಯೊ ಗುಡಿಸಿಲಿಗೆ ಹೋದೆ. ಅವನೂ ಹೆಂಡತಿಯೂ ಹಿಂದೆ ಬಂದು ಬಾಗಿಲಲ್ಲಿ ನಿಂತರು.

"ಮಡಾಂಗ್, ಬುಂಗಾಟ್. ಬೆಟ್ಟಿ, ಬರ್ಕೋ. ವಿಮಾನದಲ್ಲಿ ಪೈಲಟ್ ಬಿಟ್ಟು ಒಂಬತ್ತು ಜನ ಇದ್ರು, ಎಂಟಲ್ಲ. ತೊಮಾಂಗಿಗೆ ವಿಮಾನ ಹೋಗೇ ಇಲ್ಲ. ಅಲ್ಲಿ ಒಬ್ಬರು ಇಳಿದ್ರು ಅಂತ ನಾನು ಹೇಳಿದ್ದು ಸುಳ್ಳು. ಪಟ್ಟೀಲಿ ಒಬ್ಬರನ್ನ ಬಿಟ್ಟಿದ್ದೆ, ಅದನ್ನ ಮುಚ್ಚೋಕೆ ಹೇಳ್ದೆ. ಕಣಿವೆ ಬಾಯಿಯ ಈಚೆ ಬದೀಲೇ ಹುಡುಕಬೇಕು."

ರೇಡಿಯೊದಲ್ಲಿ ಬರೀ ಸಿಳ್ಳು.

"ಒಂಬತ್ತನೆಯವರ ಹೆಸರು ಹೇಳು, ಬುಂಗಾಟ್."

ಬಾಗಿಲ ಕಡೆ ನೋಡಿದೆ. ಭಾವ ಹೇಳಬಹುದಿತ್ತು, ಅವನ ತಾಯಿ. ಹೆಂಡತಿ ಹೇಳಬಹುದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ನಾನೇ ಹೇಳಿದೆ.

"ಸರಿಯಾಗಿ ಕೇಳಿಸ್ಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳು."

ಬಿಡಿಸಿ ಹೇಳಿದೆ. ಎಲ್ಲಿಯೋ ಯಾರೋ ಕಿಸಕ್ಕನೆ ನಕ್ಕರು, ಯಾವ ಊರಿನವರೋ. ಅವಳು ಇನ್ನೊಂದು ಸಲ ಅಂದಳು, ಮತ್ತೆ ಹೇಳಿದೆ. ಬಟ್ಟೆ ಬಿಚ್ಚಿ ಪಟ್ಟಿಯ ಉದ್ದಕ್ಕೂ ಓಡಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಹೇಳಿದೆನಲ್ಲ, ಇಲ್ಲಿ ಬರೆಯಲಾರೆ.

ಅತ್ತೆಯ ಹೆಸರು ಹೇಳಿದ ಅಳಿಯ ದಂಡವಾಗಿ ಹಂದಿ ಕೊಡಬೇಕು. ಭಾವ ಕೇಳಿದ್ದರೆ ಕೊಟ್ಟು ಹಗುರಾಗುತ್ತಿದ್ದೆ. ಅವನು ಕೇಳಲಿಲ್ಲ. ಹೆಂಡತಿ ಲಿಯಾಳನ್ನು ಕರೆದುಕೊಂಡು ಅವನ ಮನೆಗೆ ಹೋದಳು.

ಮಾರ್ಚ್ 19, ಗುರುವಾರ

ಒಂಬತ್ತೂ ಇಪ್ಪತ್ತಕ್ಕೆ ಸಿಕ್ಕಿತು. ಕಣಿವೆ ಬಾಯಿಯ ಈಚೆ, ಮುರಿದ ಮರಗಳ ನಡುವೆ. ಶನಿವಾರ ಅವರು ಸುತ್ತುವುದನ್ನು ಬಿಟ್ಟ ಜಾಗದಿಂದ ಬೆಟ್ಟದ ಒಂದೇ ಒಂದು ಏಣು ಆಚೆ.

ಮಾರ್ಚ್ 20, ಶುಕ್ರವಾರ

ಒಬ್ಬಳು ಬದುಕಿದ್ದಾಳೆ. ರೋಡಾ, ನಮ್ಮ ಆರೋಗ್ಯ ಕೇಂದ್ರದ ನರ್ಸ್. ಸೊಂಟ ಮುರಿದಿದೆ. ಹೆಲಿಕಾಪ್ಟರಿನಲ್ಲಿ ಮಡಾಂಗಿಗೆ ಒಯ್ದರು.

ಉಳಿದವರನ್ನು ಹಗ್ಗ ಕಟ್ಟಿ ಇಳಿಸಿದರು. ನಾನೂ ಹೊತ್ತೆ. ಯಾರೂ ಬೇಡ ಅನ್ನಲಿಲ್ಲ, ಯಾರೂ ಬಾ ಅನ್ನಲಿಲ್ಲ. ಅತ್ತೆಯನ್ನು ಹೊರಲು ಅಳಿಯನಿಗೆ ಹಕ್ಕಿಲ್ಲ, ಹಿಂದೆ ನಡೆದೆ.

ಏಪ್ರಿಲ್ 4, ಶನಿವಾರ

ಎರಡು ವಾರ ಏನೂ ಬರೆದಿಲ್ಲ. ಕಂಪನಿ ನನ್ನನ್ನು ಕೆಲಸದಿಂದ ನಿಲ್ಲಿಸಿದೆ. ಟೋಪಿ ಮೂಲೆಯಲ್ಲಿತ್ತು, ಕೋಳಿಯೊಂದು ಅದರಲ್ಲಿ ಮೊಟ್ಟೆ ಇಟ್ಟು ಕಾವಿಗೆ ಕೂತಿದೆ. ಇರಲಿ.

ಭಾವ ಮಡಾಂಗಿನ ಆಸ್ಪತ್ರೆಗೆ ಹೋಗಿ ರೋಡಾಳನ್ನು ಮಾತಾಡಿಸಿಕೊಂಡು ಇವತ್ತು ಬಂದ. ನಮ್ಮ ಬೇಲಿ ಮೇಲೆ ಕೂತ, ಒಳಗೆ ಬರಲಿಲ್ಲ. ಅಡಿಕೆ ಕೊಟ್ಟೆ, ತೆಗೆದುಕೊಂಡು ಅಗಿಯದೆ ಕೈಯಲ್ಲೇ ಹಿಡಿದುಕೊಂಡ.

"ಬಿದ್ದಾಗ ಅಮ್ಮ ಸತ್ತಿರಲಿಲ್ಲ" ಅಂದ.

ಬೇಲಿಯ ಗೂಟ ಹಿಡಿದುಕೊಂಡೆ.

"ಎರಡೂ ಕಾಲು ಮುರಿದಿತ್ತಂತೆ. ಕೂತ್ಕೊಂಡೇ ತೆವಳಿ ಬೆಂಕಿ ಹಾಕಿದ್ಳಂತೆ, ವಿಮಾನದ ಎಣ್ಣೆ ಬಟ್ಟೆಗೆ ಅದ್ದಿ. ಚೀಲದಲ್ಲಿ ಕೆಸುವಿನ ಗಡ್ಡೆ ಇತ್ತಲ್ಲ, ದಿನಾ ಸುಟ್ಟು ರೋಡಾಗೆ ಒಂದು, ತನಗೆ ಅರ್ಧ. ಶನಿವಾರ ಬೆಳಿಗ್ಗೆ ಹೆಲಿಕಾಪ್ಟರ್ ಸದ್ದು ಕೇಳಿಸ್ತಂತೆ. ಹತ್ರ ಬಂತು, ಬಂತು, ಆಮೇಲೆ ಹೋಯ್ತು."

"ಯಾವತ್ತು?" ಅಂದೆ. ಅವನಿಗೆ ಅರ್ಥವಾಯಿತು.

"ಮಂಗಳವಾರ. ಸಂಜೆ ಮುಂದೆ ಜೀವ ಹೋಯ್ತಂತೆ. ಅವತ್ತು ಆಕಾಶ ತಿಳಿಯಾಗಿತ್ತು, ಇವತ್ತು ಬಂದೇ ಬರ್ತಾರೆ ಅಂತ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸ್ತಾನೇ ಇದ್ಳಂತೆ."

ಆ ದಿನದ ಪುಟ ಮೇಲೆ ಇದೆ. ಒಂದೊಂದು ಮರವೂ ಕಾಣುತ್ತಿತ್ತು ಎಂದು ಬರೆದಿದ್ದೇನೆ. ಏಣಿನ ಆಚೆಯ ಹೊಗೆ ನನಗೆ ಕಾಣುವಂತಿರಲಿಲ್ಲ, ಆಕಾಶದಲ್ಲಿ ಒಬ್ಬನಿದ್ದರೆ ಅವನಿಗೆ ಕಾಣುತ್ತಿತ್ತು.

ಭಾವ ಇಳಿದು ಹೊರಟವನು ನಿಂತ. "ಇನ್ನೊಂದು ಮಾತು. ರೋಡಾಗೆ ಅಮ್ಮ ಹೇಳಿದ್ಳಂತೆ, 'ನನ್ನ ಅಳಿಯ ನನ್ನ ಹೆಸರು ಬರೆದಿರಲ್ಲ ಕಣೇ. ಪಾಪ, ಮರ್ಯಾದೆ ಇರೋನು, ಬರೆಯೋಕಾಗಲ್ಲ ಅವನಿಗೆ. ಬಂದೋರು ಎಂಟು ಜನರನ್ನ ಎತ್ಕೊಂಡು ಹೋಗಿಬಿಡ್ತಾರೆ. ಒಂಬತ್ತು ಅಂತ ನೀನು ಹೇಳು' ಅಂತ."

ಅವನು ಹೋದ ಮೇಲೆ ಬೇಲಿಯ ಹತ್ತಿರವೇ ಕೂತಿದ್ದೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಹೇಡಿತನಕ್ಕೆ ಆಕೆ ಸಾಯುವಾಗಲೂ ಮರ್ಯಾದೆ ಎಂದು ಹೆಸರಿಟ್ಟು ಹೋದರು. ಅವತ್ತು ಅವರ ಹೆಸರು ಬರೆಯದೆ ಇದ್ದದ್ದು ಮರ್ಯಾದೆಯೇ ಇರಬಹುದು. ಶುಕ್ರವಾರದಿಂದ ಆಮೇಲಿನದು ನನ್ನ ಟೋಪಿಯ ಮರ್ಯಾದೆ ಮಾತ್ರ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಮಾನ ಹೋದರೆ ಹೋಗಲಿ. ಆಕೆಯ ಪ್ರಾಣ ಹೋಯಿತು.

ಏಪ್ರಿಲ್ 23, ಗುರುವಾರ

ತನಿಖೆಗೆ ರಾಜಧಾನಿಯಿಂದ ಕಿಲಾ ಎಂಬ ಹೆಂಗಸು ಬಂದಿದ್ದಾರೆ. ಗಟ್ಟಿ ಮೈಕಟ್ಟು, ಕೊರಳಲ್ಲಿ ಕನ್ನಡಕ. ನನ್ನ ರೇಡಿಯೊ ಗುಡಿಸಿಲಿನಲ್ಲೇ ಕೂತು ಗೆಣಸು ತಿನ್ನುತ್ತಾ ಕೇಳಿದರು. ಮೊದಲ ದಿನದಿಂದ ಎಲ್ಲವನ್ನೂ ಹೇಳಿದೆ. ಕೇಳದೇ ಇದ್ದದ್ದನ್ನೂ ಹೇಳಿದೆ, ಈ ಪುಸ್ತಕವನ್ನು ತೋರಿಸಿದೆ.

"ಅತ್ತೇನೂ ಚೀಲಾನೂ ಸೇರಿ ಎಷ್ಟು ತೂಕ ಇರಬಹುದು?"

"ತೊಂಬತ್ತು ಕಿಲೋ. ಅದರಿಂದ್ಲೇ ಬಿತ್ತಾ ಮೇಡಂ?"

"ಪೈಲಟ್ ಮೋಡದೊಳಗೆ ಹಿಂದಕ್ಕೆ ತಿರುಗಿಸೋಕೆ ನೋಡಿದಾನೆ. ತಿರುಗಿಸೋವಾಗ ಇನ್ನೊಂದು ಐವತ್ತು ಅಡಿ ಎತ್ತರ ಬೇಕಾಗಿತ್ತು. ಅಷ್ಟರಿಂದ್ಲೇ ಬಿತ್ತು ಅಂತ ಬರೆಯೋಕಾಗಲ್ಲ, ಅಲ್ಲ ಅಂತಾನೂ ಬರೆಯೋಕಾಗಲ್ಲ. ಆ ಐವತ್ತು ಅಡಿನ ನೀವು ಜೀವನಪೂರ್ತಿ ಇಟ್ಕೋಬೇಕು."

ಮುಂದೆ ಸಣ್ಣ ವಿಮಾನಗಳಲ್ಲೂ ನಿಮಿಷಕ್ಕೊಮ್ಮೆ ತಾನಿರುವ ಜಾಗವನ್ನು ಕಳಿಸುವ ಯಂತ್ರ ಇಡಬೇಕೆಂದು ಬರೆಯುತ್ತಾರಂತೆ. ಅದು ಬರಲು ವರ್ಷಗಳಾಗಬಹುದು. ಹೆಸರಿನ ಪಟ್ಟಿಯ ಕೆಲಸ ಮಾತ್ರ ನಾಳೆಯಿಂದಲೇ ಸರಿಯಾಗಬೇಕು ಅಂದರು.

"ನನ್ನನ್ನ ತೆಗೆದುಹಾಕಿ" ಅಂದೆ.

"ತೆಗೆದ್ರೆ ಆ ಕುರ್ಚಿಗೆ ಇನ್ನೊಬ್ಬ ಅಳಿಯ ಬರ್ತಾನೆ. ಈ ಊರಲ್ಲಿ ಯಾರು ಯಾರಿಗೆ ಬೀಗರಲ್ಲ ಹೇಳಿ? ಅದಿರಲಿ, ನಿಮ್ಮ ಅತ್ತೆ ಹೆಸರನ್ನ ಯಾರು ಹೇಳಬಹುದಿತ್ತು?"

"ಮಕ್ಕಳು. ಒಡಹುಟ್ಟಿದೋರು. ಮೇಷ್ಟ್ರು."

"ಸ್ವತಃ ಅವರೇ?"

"ತನ್ನ ಹೆಸರು ತಾನು ಹೇಳೋಕೆ ಏನು ತಡೆ ಮೇಡಂ? ಮುದುಕಿಯರು ಸ್ವಲ್ಪ ನಾಚ್ಕೋತಾರೆ, ಅಷ್ಟೇ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವತ್ತು ಆಕೆ ಮೈಕಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಆ ಕಿಟಕಿಯ ಹೊರಗೆ ನಿಂತಿದ್ದರು. ಕಿಲಾ ತಿನ್ನುತ್ತಿದ್ದ ಗೆಣಸು ಕೆಳಗಿಟ್ಟು ಬರೆದುಕೊಂಡರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತೆ.

ಮೇ 29, ಶುಕ್ರವಾರ

ಕಂಪನಿಯಿಂದ ಕಾಗದ. ಮತ್ತೆ ಕೆಲಸಕ್ಕೆ ಕರೆದಿದ್ದಾರೆ, ಹೊಸ ಕ್ರಮದ ಮೇಲೆ. ಪ್ರತಿಯೊಬ್ಬ ಪ್ರಯಾಣಿಕನೂ ಸಾಮಾನಿನ ಸಮೇತ ತಕ್ಕಡಿ ಹತ್ತಬೇಕು, ತನ್ನ ಹೆಸರು, ತಾಯಿಯ ಹೆಸರು, ತೂಕ, ಮೂರನ್ನೂ ತಾನೇ ರೇಡಿಯೊದಲ್ಲಿ ಹೇಳಬೇಕು. ಏಜೆಂಟ್ ಕೇಳಿದ್ದನ್ನು ಬರೆಯಬೇಕು.

ಊರ ಸಭೆಯಲ್ಲಿ ಬೇರೆ ಯಾರಾದರೂ ಮಾಡಲಿ ಎಂದು ಹೇಳಿದೆ. ಯಾರೂ ಏಳಲಿಲ್ಲ.

ಕೊನೆಗೆ ಭಾವ, "ನೀನೇ ಕೂರು. ಪ್ರತಿ ಗುರುವಾರ ಎಲ್ಲರ ಮುಂದೆ ಕೂರು" ಅಂದ. ಕ್ಷಮಿಸಿದನೋ ಶಿಕ್ಷೆ ಕೊಟ್ಟನೋ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಜೂನ್ 4, ಗುರುವಾರ

ಕಣಿವೆ ಬಾಯಿ ತೆರೆದಿದೆ. ಹೊಸ ಕ್ರಮದ ಮೊದಲ ವಿಮಾನ.

ಬರಿತಲೆಯಲ್ಲೇ ಹೋಗಿ ಕೂತೆ. ಹತ್ತುವವರು ಒಬ್ಬೊಬ್ಬರಾಗಿ ತಕ್ಕಡಿ ಇಳಿದು ಮೈಕಿನ ಮುಂದೆ ಬಗ್ಗಿದರು. ಮುದುಕನೊಬ್ಬ ಮೈಕು ತುಟಿಗೆ ಒತ್ತಿಕೊಂಡು ಕೂಗಿದ್ದಕ್ಕೆ ಬೆಟ್ಟಿ, "ಅಪ್ಪಾ, ಇಷ್ಟು ಕೂಗಿದ್ರೆ ಮಡಾಂಗಿಗೆ ಕೇಳ್ಸೋಕೆ ರೇಡಿಯೊನೇ ಬೇಕಾಗಿಲ್ಲ ನಿಂಗೆ" ಅಂದಳು. ಮಾರ್ಚ್ ಆದ ಮೇಲೆ ಪಟ್ಟಿಯ ಮೇಲೆ ನಗು ಕೇಳಿದ್ದು ಇವತ್ತೇ. ಎಂಟು ಹೆಸರು ಬರೆದೆ.

ಒಂಬತ್ತನೆಯವಳು ನನ್ನ ಹೆಂಡತಿ. ರೋಡಾಳನ್ನು ನೋಡಲು ಹೊರಟಿದ್ದಾಳೆ. ಬೆನ್ನಿನ ಬಿಲುಮಿನಲ್ಲಿ ಕೆಸುವಿನ ಗಡ್ಡೆ. ಎರಡೂವರೆ ತಿಂಗಳಿಂದ ನನ್ನೊಂದಿಗೆ ಮಾತಿಲ್ಲ. ಚೀಲ ಇಳಿಸದೆ ತಕ್ಕಡಿ ಹತ್ತಿ, ಮುಳ್ಳು ನಿಲ್ಲುವವರೆಗೆ ನಿಂತು, ಬಂದು ಮೈಕು ಹಿಡಿದಳು.

"ನನ್ನ ಹೆಸರು ಹುಲ್ದಾ. ತಾಯಿ ಮಿಲಾಂಗೆ. ಎಂಬತ್ತೊಂದು ಕಿಲೋ."

ಮೈಕು ಇಟ್ಟು ನನ್ನ ಕೈಯ ಕಡೆ ನೋಡುತ್ತಾ ನಿಂತಳು. ಬರೆದೆ. ಬಗ್ಗಿ ಓದಿದಳು.

"ಏನೂ ಬಿಟ್ಟಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಹಂದಿ ಪಟ್ಟಿ ಮೇಲೆ ಬರದ ಹಾಗೆ ನೋಡ್ಕೊಳ್ಳಿ" ಅಂದು, ಲಿಯಾ ಅಪ್ಪಾ ಅನ್ನದೆ ಹೋಗಿ ಹತ್ತಿದಳು.

ಏಳೂ ಐವತ್ತೆರಡಕ್ಕೆ ಎದ್ದಿತು. ಎಂಟೂ ಇಪ್ಪತ್ತಕ್ಕೆ ಬೆಟ್ಟಿ ಕರೆದಳು: "ಬುಂಗಾಟ್, ಇಳೀತು. ಒಂಬತ್ತೂ ಜನ."

ಅವಳು ಬರುವುದು ಮುಂದಿನ ಗುರುವಾರ. ಬಂದು ಯಾವ ಮನೆಗೆ ಹೋಗುತ್ತಾಳೋ ಗೊತ್ತಿಲ್ಲ. ಮಧ್ಯಾಹ್ನ ಬಿಸಿಲು ಇಳಿದ ಮೇಲೆ ಮೇಲಿನ ತೋಟಕ್ಕೆ ಹೋಗಬೇಕು. ಮಿಲಾಂಗೆ ನೆಟ್ಟ ಕೆಸುವಿನ ಸಾಲಿನಲ್ಲಿ ಕಳೆ ತುಂಬಿದೆ.